ಏನೂ ಆಗಲ್ಲ, ತಿನ್ನಿ

ಕೋಲಾರದ ಕಡೆ ಯಾವುದೋ ಶಾಲೆಗೆ, ಆಸ್ಪತ್ರೆಗೆ, ಮಹಿಳಾ ಸಂಘಕ್ಕೆ ಅಂತ ಹೊರದೇಶದ ಸ್ವಯಂಸೇವಕರು ಬರುತ್ತಿರುತ್ತಾರೆ. ಸೋಮವಾರದಿಂದ ಶನಿವಾರದವರೆಗೆ ಅವರಿಗೆ ಏನೂ ಆಗುವುದಿಲ್ಲ. ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಾರೆ, ಶಾಲೆಯ ಗೋಡೆಗೆ ಬಣ್ಣ ಹೊಡೆಯುತ್ತಾರೆ, ಗಿಡ ನೆಡುತ್ತಾರೆ, ಗುಂಡುಕಲ್ಲಿನ ಹಾಗೆ ಇರುತ್ತಾರೆ. ಭಾನುವಾರ ನಾವು ಅವರಿಗೆ ಊರು ತೋರಿಸಲು ಕರೆದುಕೊಂಡು ಹೋಗುತ್ತೇವೆ. ಸೋಮವಾರ ಅವರು ಕೆಲಸಕ್ಕೆ ಬರುವುದಿಲ್ಲ.

"ಪಾಪ, ಅವರಿಗೆ ನಮ್ಮ ನೀರು ಹಿಡಿಸಲಿಲ್ಲ" ಎಂದು ನಾವು ಮರುಗುತ್ತೇವೆ. ನೀರಿನದು ಒಂದು ಪಾಲು ಇರಬಹುದು. ಮಿಕ್ಕಿದ್ದೆಲ್ಲ ನಮ್ಮ ಉಪಚಾರದ್ದು. ಭಾನುವಾರದ ಅನಾಹುತಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೋದರೆ ಬುಡದಲ್ಲಿ ಆತಿಥೇಯರ ಮೂರು ಮಾತುಗಳಲ್ಲಿ ಯಾವುದೋ ಒಂದು ಸಿಕ್ಕೇ ಸಿಗುತ್ತದೆ: "ಇಲ್ಲೇ ಹತ್ತಿರ", "ಖಾರ ಇಲ್ಲ", "ಏನೂ ಆಗಲ್ಲ, ತಿನ್ನಿ".

ಮೊದಲು "ಇಲ್ಲೇ ಹತ್ತಿರ" ನೋಡೋಣ. ಶನಿವಾರ ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಸೇರಿ ಒಂದು ಪಟ್ಟಿ ಮಾಡುತ್ತಾರೆ. ಅಂತರಗಂಗೆ, ಕೋಲಾರಮ್ಮ, ಸೋಮೇಶ್ವರ, ಮುಳಬಾಗಿಲು ಆಂಜನೇಯ, ಕುರುಡುಮಲೆ ಗಣಪತಿ, ಆವನಿ, ಕೋಟಿಲಿಂಗ, ಕೆಜಿಎಫ್, ಬರುವಾಗ ಬಂಗಾರಪೇಟೆಯಲ್ಲಿ ಚಾಟ್ಸ್. ಎಲ್ಲವೂ ಒಂದೇ ದಿನಕ್ಕೆ. ಕೋಲಾರದಿಂದ ಮುಳಬಾಗಿಲಿಗೇ ಸುಮಾರು 30 ಕಿ.ಮೀ., ಅಲ್ಲಿಂದ ಕುರುಡುಮಲೆಗೆ ಸುಮಾರು 10. ಆವನಿ, ಕೋಟಿಲಿಂಗ ಇರುವ ಕಮ್ಮಸಂದ್ರ, ಕೆಜಿಎಫ್ ಸುತ್ತಿ ಬಂಗಾರಪೇಟೆ ಮೇಲೆ ವಾಪಸ್ ಬಂದರೆ 120 ಕಿ.ಮೀ.ಗೆ ಕಡಿಮೆಯಿಲ್ಲ. ಇದರ ಮೇಲೆ ಬಹುತೇಕ ಗುಡಿಗಳು ಮಧ್ಯಾಹ್ನ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಸಂಜೆಗೆ. ಹಾಗಾಗಿ ಈ ಪಟ್ಟಿ ಹಿಡಿದು ಹೊರಟವರು ಮೊದಲ ಎರಡು ಕಡೆ ದೇವರನ್ನೂ, ಆಮೇಲಿನ ಮೂರು ಕಡೆ ಬೀಗವನ್ನೂ ನೋಡುತ್ತಾರೆ. ಕುರುಡುಮಲೆಯ ಹದಿಮೂರೂವರೆ ಅಡಿಯ ಸಾಲಿಗ್ರಾಮ ಶಿಲೆಯ ಗಣಪತಿಯನ್ನು ಬಾಗಿಲ ಸಂದಿಯಿಂದ ಇಣುಕಿದರೆ ಕಾಣಿಸುವುದು ಕತ್ತಲೆ ಮಾತ್ರ.

ಪಟ್ಟಿಯನ್ನು ದಿಕ್ಕಿನ ಪ್ರಕಾರ ಹರಿದು ಹಂಚಿ. ಒಂದು ಭಾನುವಾರ ಊರೊಳಗಿನದು: ಬೆಳಗ್ಗೆ ಆರೂವರೆಗೆ ಅಂತರಗಂಗೆ, ಇಳಿದು ಬಂದು ಕೋಲಾರಮ್ಮ, ಸೋಮೇಶ್ವರ. ಇನ್ನೊಂದು ಭಾನುವಾರ ಪೂರ್ವಕ್ಕೆ, ಮುಳಬಾಗಿಲಿನಲ್ಲಿ ದೋಸೆ, ಕುರುಡುಮಲೆ, ಆವನಿ. ಮೂರನೆಯದು ದಕ್ಷಿಣಕ್ಕೆ. ಹನ್ನೊಂದು ಗಂಟೆಯೊಳಗೆ ಬರಿಗಾಲಿನ ಕೆಲಸ ಮುಗಿದಿರಬೇಕು. ಮಾರ್ಚ್ ಆದಮೇಲೆ ಮಧ್ಯಾಹ್ನದ ಹೊತ್ತಿಗೆ ಗುಡಿಯ ಅಂಗಳದ ಚಪ್ಪಡಿ ಕಾದಿರುತ್ತದೆ. ನಮ್ಮ ಅಂಗಾಲು ಚಿಕ್ಕಂದಿನಿಂದ ತರಬೇತಾದದ್ದು. ಅವರದು ವರ್ಷಪೂರ್ತಿ ಬೂಟಿನಲ್ಲಿದ್ದದ್ದು. ಅವರು ಪ್ರದಕ್ಷಿಣೆಯನ್ನು ಓಡುತ್ತಾ ಮಾಡಿದರೆ ಅದು ಭಕ್ತಿಯಲ್ಲ. ಒಂದು ಜೊತೆ ದಪ್ಪ ಹತ್ತಿ ಕಾಲುಚೀಲ ಚೀಲದಲ್ಲಿರಲಿ. ಪ್ಲಾಸ್ಟಿಕ್ ನೂಲಿನದು ಬೇಡ, ಕಲ್ಲಿನ ಮೇಲೆ ಜಾರುತ್ತದೆ.

ಹೊರಡುವ ಮುಂಚೆ ಒಂದು ಕಾಗದದ ಕೆಲಸ ಮುಗಿಸಿರಬೇಕು. ವಿದೇಶಿಯರನ್ನು ಮನೆಯಲ್ಲಿಟ್ಟುಕೊಂಡವರು 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಮಾಹಿತಿ ಕೊಡಬೇಕು. ಫಾರ್ಮ್ ಸಿ ಅಂತಲೇ ಅದು ಎಲ್ಲರಿಗೂ ಗೊತ್ತು. ಪಾಸ್‌ಪೋರ್ಟು, ವೀಸಾ, ಬಂದ ದಿನ, ಹೋಗುವ ದಿನ, ಇಷ್ಟೇ. ನಮ್ಮ ಬೀದಿಯವರು ತುಂಬಿಸಿಕೊಳ್ಳುವ ಫಾರ್ಮು ಇದಕ್ಕಿಂತ ಉದ್ದ. ಯಾವ ದೇಶ, ಅಪ್ಪ ಏನ್ ಮಾಡ್ತಾರೆ, ಮದುವೆ ಆಗಿದೆಯಾ, ಯಾಕಾಗಿಲ್ಲ, ಸಂಬಳ ಇಲ್ಲದೆ ಇಷ್ಟು ದೂರ ಬಂದಿದ್ದಾರೆ ಅಂದ್ರೆ ಅಲ್ಲಿ ಏನಾದ್ರೂ ತೊಂದ್ರೆನಾ? ಇದಕ್ಕೆ 24 ಗಂಟೆ ಬೇಕಿಲ್ಲ, ಹಾಲಿನ ಬೂತಿನ ಸಾಲು ಕರಗುವುದರೊಳಗೆ ಭರ್ತಿಯಾಗಿರುತ್ತದೆ.

ಇನ್ನು ಬಸ್ಸು. ಕಾರು ಮಾಡಿಕೊಂಡು ಹೋಗಬಹುದು, ಆದರೆ ಸ್ವಯಂಸೇವಕರಿಗೆ ಬಸ್ಸೇ ಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಪುಕ್ಕಟೆ. ಕಂಡಕ್ಟರು ಆಧಾರ್ ನೋಡಿ ಶೂನ್ಯ ಟಿಕೆಟ್ ಹರಿಯುತ್ತಾ ಬರುತ್ತಾರೆ. ಸಾಲಿನಲ್ಲಿ ಆರು ಜನ ಹೆಂಗಸರಿಗೆ ಸೊನ್ನೆ ರೂಪಾಯಿ, ಏಳನೆಯವಳಾದ ಸ್ವಯಂಸೇವಕಿಗೆ ಪೂರ್ತಿ ದುಡ್ಡು. "ನನಗೆ ಮಾತ್ರ ಯಾಕೆ?" ಎಂಬ ಅವಳ ಪ್ರಶ್ನೆಗೆ ಇಡೀ ಬಸ್ಸು ಉತ್ತರ ಕೊಡಲು ಏಳುತ್ತದೆ. ಪಕ್ಕದ ಅಜ್ಜಿ "ಏ ಬಿಡಪ್ಪ, ನಮ್ ಹುಡುಗಿನೇ" ಅಂತ ವಾದಕ್ಕಿಳಿಯುತ್ತಾಳೆ. ಇದನ್ನು ಮನೆಯಲ್ಲೇ ವಿವರಿಸಿ ಕರೆದುಕೊಂಡು ಹೋದರೆ ಹದಿನೈದು ನಿಮಿಷ ಉಳಿಯುತ್ತದೆ.

ಚಿಲ್ಲರೆ ಇನ್ನೊಂದು ಕಥೆ. ಎಟಿಎಂ ಕೊಡುವುದು 500ರ ನೋಟು. ಬೆಳಗಿನ ಮೊದಲ ಟ್ರಿಪ್ಪಿನ ಕಂಡಕ್ಟರಿಗೆ ಅದನ್ನು ಚಾಚಿದರೆ ಅವರು ನೋಡುವ ನೋಟವೇ ಬೇರೆ. ಬಾಕಿಯನ್ನು ಟಿಕೆಟ್ಟಿನ ಹಿಂದೆ ಬರೆದು, ಕೆಳಗೆ ಗೀಟು ಹಾಕಿ ಕೊಡುತ್ತಾರೆ. ಇಳಿಯುವಾಗ ಅದನ್ನು ತೋರಿಸಿ ಹಣ ಕೇಳಿ ತೆಗೆದುಕೊಳ್ಳಬೇಕು ಅಂತ ನಮಗೆ ಗೊತ್ತು. ಅವರಿಗೆ ಗೊತ್ತಿಲ್ಲ. ಕಂಡಕ್ಟರು ನೆನಪಿಗೆ ಸಹಿ ಹಾಕಿಕೊಟ್ಟರು ಅಂತ ಜೋಪಾನವಾಗಿ ಡೈರಿಯೊಳಗೆ ಅಂಟಿಸಿಕೊಳ್ಳುತ್ತಾರೆ. 460 ರೂಪಾಯಿಯ ನೆನಪಿನ ಕಾಣಿಕೆ. ಹಿಂದಿನ ಸಂಜೆಯೇ ಕಿರಾಣಿ ಅಂಗಡಿಯಲ್ಲಿ ಬಿಸ್ಕತ್ತು ಕೊಂಡು ಹತ್ತು, ಇಪ್ಪತ್ತರ ನೋಟು ಮಾಡಿಸಿಡಿ. ಫೋನಿನಲ್ಲಿ ಸ್ಕ್ಯಾನ್ ಮಾಡುವ ಅಭ್ಯಾಸ ನಮ್ಮದು. ಇಲ್ಲಿನ ಬ್ಯಾಂಕ್ ಖಾತೆ ಇಲ್ಲದವರಿಗೆ ಅದು ಸಲೀಸಾಗಿ ನಡೆಯುವುದಿಲ್ಲ.

ಭಾಷೆಯ ವಿಷಯ ಚಿಕ್ಕದು. ಬರುವ ಮುಂಚೆ ಮೂರು ತಿಂಗಳು ಕನ್ನಡ ಕಲಿತು ಬಂದವರು ಇರುತ್ತಾರೆ. ಅವರು ಬಸ್ ಸ್ಟ್ಯಾಂಡಿನಲ್ಲಿ "ದಯವಿಟ್ಟು ಈ ಬಸ್ಸು ಎಲ್ಲಿಗೆ ಹೋಗುತ್ತದೆ?" ಅಂತ ತಿದ್ದಿ ತೀಡಿ ಕೇಳಿದರೆ "ಯಾಡಿಕಿ ಪೋವಾಲ?" (ಎಲ್ಲಿಗೆ ಹೋಗಬೇಕು?) ಅಂತ ತೆಲುಗಿನಲ್ಲಿ ಮರುಪ್ರಶ್ನೆ ಬರುತ್ತದೆ. ಕೆಜಿಎಫ್‌ನಲ್ಲಿ ತಮಿಳು, ಸಂತೆಯಲ್ಲಿ ಉರ್ದು. ಅವರ ಕನ್ನಡವನ್ನು ಮೆಚ್ಚಿಕೊಳ್ಳುವವರು ಕೊನೆಗೆ ಸಿಗುವುದು ತಾಲ್ಲೂಕು ಆಫೀಸಿನಲ್ಲಿ.

ಅಂತರಗಂಗೆಗೆ ಬರೋಣ. ಕೋಲಾರ ಪೇಟೆಯಿಂದ ನಾಲ್ಕು ಕಿ.ಮೀ. ಒಳಗೇ ಇರುವ ಶತಶೃಂಗ ಬೆಟ್ಟ. ಮೆಟ್ಟಿಲು ಹತ್ತಿದರೆ ಕಾಶಿ ವಿಶ್ವೇಶ್ವರನ ಗುಡಿ, ಕಲ್ಲಿನ ಬಸವನ ಬಾಯಿಂದ ಕಲ್ಯಾಣಿಗೆ ಬೀಳುವ ನೀರು. ಅದರ ಮೇಲೆ ಬಂಡೆಗಳು ಒಂದರ ಮೇಲೊಂದು ಒರಗಿ ಆದ ಗವಿಗಳು. ಇಷ್ಟೂ ನಮ್ಮ ವಿವರಣೆ. ಸ್ಥಳೀಯ ಆಡಳಿತ ಮಾತ್ರ ಕೋತಿಗಳದ್ದು.

ಇಲ್ಲಿಯ ಕೋತಿ ತಲೆಗೂದಲನ್ನು ನಡು ಬೈತಲೆ ತೆಗೆದು ಟೋಪಿ ಇಟ್ಟಂತೆ ಬಾಚಿಕೊಂಡಿರುವ ಜಾತಿ, ಬಾನೆಟ್ ಮಕಾಕ್. ಹೊಸಬರನ್ನು ಗುರುತಿಸುವುದರಲ್ಲಿ ಆಟೋದವರಿಗಿಂತ ಚುರುಕು. ಅವುಗಳ ತಪಾಸಣೆಗೆ ಒಂದು ಕ್ರಮವಿದೆ. ಮೊದಲು ಪ್ಲಾಸ್ಟಿಕ್ ಕವರು, ಏಕೆಂದರೆ ಚರಪರ ಸದ್ದಿಗೆ ತಿಂಡಿ ಎಂಬ ಅರ್ಥ ಅವಕ್ಕೆ ಎಂದೋ ಆಗಿಹೋಗಿದೆ. ಆಮೇಲೆ ಕೈಯಲ್ಲಿರುವ ಬಣ್ಣದ ಬಾಟಲಿ. ಆಮೇಲೆ ತಲೆ ಮೇಲೆ ಏರಿಸಿಕೊಂಡ ಕೂಲಿಂಗ್ ಗ್ಲಾಸು. ಬೆನ್ನಿನ ಚೀಲದ ಜಿಪ್ಪನ್ನು ಎಳೆದು ತೆಗೆಯುವುದೂ ಬರುತ್ತದೆ, ಹಾಕುವುದು ಬರುವುದಿಲ್ಲ. ಬಾಳೆಹಣ್ಣನ್ನು ಪೇಪರಿನಲ್ಲಿ ಸುತ್ತಿ, ಟವೆಲಿನಲ್ಲಿ ಕಟ್ಟಿ, ಚೀಲದ ಅಡಿಗಿಟ್ಟರೂ ವಾಸನೆ ಹೊರಗೇ ಇರುತ್ತದೆ. ಹಣ್ಣು, ಹೂವು, ಕಾಯಿ ಯಾವುದೂ ಕೆಳಗಿನಿಂದ ಒಯ್ಯಬೇಡಿ. ಚೀಲವನ್ನು ಎದೆಯ ಮೇಲೆ ಹಾಕಿಕೊಳ್ಳಲಿ. ಕನ್ನಡಕ ನಂಬರಿನದಾದರೆ ಹಿಂದೆ ದಾರ ಕಟ್ಟಲಿ.

ಕೋತಿ ಲೋಕದಲ್ಲಿ ನೇರವಾಗಿ ದಿಟ್ಟಿಸುವುದೂ ಬಾಯಿ ತೆರೆಯುವುದೂ ಬೆದರಿಕೆ. ಸೆಲ್ಫಿಗೆ ಬೇಕಾಗುವುದು ಇವೆರಡೇ. ಅದಕ್ಕೆ ಸರಿಯಾಗಿ ನಮ್ಮವರು "ಏನೂ ಮಾಡಲ್ಲ ಮೇಡಂ, ಕೈಲಿ ಕಡ್ಲೆಬೀಜ ಇಟ್ಕೊಂಡು ನಿಂತ್ಕೊಳ್ಳಿ, ಫೋಟೋ ಚೆನ್ನಾಗ್ ಬರ್ತದೆ" ಅಂತ ಐದು ರೂಪಾಯಿ ಪೊಟ್ಟಣ ಕೊಡಿಸುತ್ತಾರೆ. ಫೋಟೋ ಚೆನ್ನಾಗಿಯೇ ಬರುತ್ತದೆ. ಬೀಜ ಮುಗಿದ ಮೇಲಿನ ಕ್ಷಣದ ಫೋಟೋ ಯಾರೂ ತೆಗೆದಿರುವುದಿಲ್ಲ, ಎಲ್ಲರೂ ಓಡುತ್ತಿರುತ್ತಾರೆ.

ಪರಚಿದರೆ ಅಥವಾ ಕಚ್ಚಿದರೆ ಅಲ್ಲಿಗೆ ತಮಾಷೆ ನಿಂತಿತು. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಹದಿನೈದು ನಿಮಿಷ ಎಂದರೆ ಗಡಿಯಾರದ್ದು. ನೇರ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಅವತ್ತೇ ಶುರು ಮಾಡಬೇಕು. ಬರುವ ಮುಂಚೆಯೇ ರೇಬಿಸ್ ಲಸಿಕೆ ಪೂರ್ತಿ ಹಾಕಿಸಿಕೊಂಡಿದ್ದರೆ ಸಾಮಾನ್ಯವಾಗಿ ಅವತ್ತು ಒಂದು, ಅವತ್ತಿನಿಂದ ಮೂರು ದಿನಕ್ಕೆ ಇನ್ನೊಂದು, ಹೀಗೆ ಎರಡೇ ಡೋಸು ಸಾಕಾಗುತ್ತದೆ. ಹಾಗಾಗಿ ಆ ಕಾರ್ಡಿನ ಫೋಟೋ ಫೋನಿನಲ್ಲಿರಲಿ. ಆ ಫೋನು ಕೋತಿಯ ಕೈಗೆ ಹೋಗಿರಬಾರದು, ಅಷ್ಟೆ.

ಗವಿಗಳಲ್ಲಿ ಆಗುವುದು ಬೇರೆ ರೀತಿಯದು. ಸಂದಿಗಳು ನಮ್ಮೂರ ಸಣಕಲು ಹುಡುಗರ ಅಳತೆಯವು. ಆರೂಕಾಲು ಅಡಿಯ ಡಚ್ಚಿನವರು, ಬೆನ್ನಿಗೊಂದು ಮೂಟೆ ಬೇರೆ, ಅರ್ಧ ಒಳಗೆ ಹೋಗಿ ನಿಂತರೆ ಹಿಂದಿನವರು ದೂಡಬೇಕೋ ಮುಂದಿನವರು ಎಳೆಯಬೇಕೋ ಎಂಬ ಚರ್ಚೆ ಏಳುತ್ತದೆ. ಎರಡೂ ಬೇಡ. ಮೊದಲು ಚೀಲ ಬಿಚ್ಚಿ ಮುಂದಕ್ಕೆ ದಾಟಿಸಿ, ಉಸಿರು ಬಿಟ್ಟು, ಒಂದು ಭುಜ ಮೊದಲು. ದಾರಿ ಬಲ್ಲ ಹುಡುಗನೊಬ್ಬ ಜೊತೆಗಿರಬೇಕು, ಟಾರ್ಚು ಬೇಕು, ಫೋನು ಹಿಂದಿನ ಜೇಬಿನಲ್ಲಿರಬಾರದು. ಬಂಡೆ ಸಂದಿಗೆ ಬಿದ್ದ ಫೋನು ಎರಡು ದಿನ ರಿಂಗಾಗುತ್ತಲೇ ಇರುತ್ತದೆ.

ಕೋಲಾರಮ್ಮನ ಗುಡಿ ಚೋಳರ ಕಾಲದ್ದು, ತಮಿಳು ಶಾಸನಗಳಿವೆ. ಅದರೊಳಗಿನ ಚೇಳಮ್ಮನ ಹೆಸರು ಕೇಳಿದ ಕೂಡಲೇ ಸ್ವಯಂಸೇವಕರ ಕಣ್ಣರಳುತ್ತದೆ. ಚೇಳಿನ ದೇವಿ, ಕಾಣಿಕೆ ಹಾಕಿದವರಿಗೆ ಚೇಳು ಕುಟುಕುವುದಿಲ್ಲ ಎಂಬ ನಂಬಿಕೆ. ಹುಂಡಿ ನೆಲದೊಳಗೇ ಇದೆ. ಬಗ್ಗಿ ನಾಣ್ಯ ಹಾಕುವ ಮುಂಚೆ ಮೇಲ್ಜೇಬಿನ ಪೆನ್ನು, ಇಯರ್‌ಫೋನು ತೆಗೆದಿಡಲು ಹೇಳಿ. ಅಮ್ಮನಿಗೆ ಒಂದು ರೂಪಾಯಿ ಸಾಕು.

ಗುಡಿಗಳಲ್ಲಿ ತೀರ್ಥದ ಹತ್ತಿರ ತಪ್ಪುವುದು ಹೀಗೆ. ಅರ್ಚಕರು ಉದ್ಧರಣೆಯಿಂದ ಅಂಗೈಗೆ ತೀರ್ಥ ಬಿಡುತ್ತಾರೆ. ಕೋವಿಡ್ ಕಾಲ ಕಂಡ ಕೈಗಳು ತಮ್ಮಷ್ಟಕ್ಕೆ ತಾವೇ ಒಂದನ್ನೊಂದು ಉಜ್ಜಿಕೊಂಡು, ಬೆರಳ ಸಂದಿಗೂ ಹಚ್ಚಿಕೊಂಡು, ಗಾಳಿಗೆ ಒಣಗಿಸಿಕೊಳ್ಳುತ್ತವೆ. ಹಿಂದೆ ನಿಂತ ಸಾಲು ದಂಗಾಗಿ ನೋಡುತ್ತದೆ. ಬಲಗೈ ಮೇಲೆ, ಎಡಗೈ ಅದರಡಿ, ಹೀರಿಕೊಂಡು, ಒದ್ದೆ ಅಂಗೈ ತಲೆಗೆ ಸವರುವುದು ಅಂತ ಮನೆಯಲ್ಲೇ ನೀರಿನಲ್ಲಿ ಒಂದು ಸಲ ಮಾಡಿಸಿ. ಕುಡಿಯಲು ಹಿಂಜರಿಯುವವರಿದ್ದರೆ ತುಟಿಗೆ ಮುಟ್ಟಿಸಿ ತಲೆಗೆ ಸವರಿದರೆ ಯಾರೂ ಬೈಯುವುದಿಲ್ಲ.

ಮಧ್ಯಾಹ್ನ ಮನೆಯೂಟ. ರಾಗಿಮುದ್ದೆಯನ್ನು ಅಗಿಯಬಾರದು ಎಂದು ನಾವು ಹೇಳುವುದು ಅವರು ಅಗಿದ ಮೇಲೆ. ಅಷ್ಟರಲ್ಲಿ ಅದು ಅಂಗುಳಕ್ಕೆ ಮೆತ್ತಿಕೊಂಡಿರುತ್ತದೆ. ಗೋಲಿ ಗಾತ್ರ ಮುರಿದು, ಬೆರಳಲ್ಲಿ ಒತ್ತಿ ಗುಳಿ ಮಾಡಿ, ಸಾರಿನಲ್ಲಿ ಮುಳುಗಿಸಿ, ನಾಲಿಗೆಯ ಹಿಂದಕ್ಕಿಟ್ಟು ನುಂಗುವುದು. ಮೊದಲ ಸಲ ಅರ್ಧ ಮುದ್ದೆ ಸಾಕು. ಹೊಟ್ಟೆ ತುಂಬಿದ್ದು ಅರ್ಧ ಗಂಟೆ ತಡವಾಗಿ ಗೊತ್ತಾಗುತ್ತದೆ. ಆದರೆ ಆ ಅರ್ಧ ಗಂಟೆಯೊಳಗೆ ಮನೆಯಾಕೆ "ಇನ್ನೊಂದ್ ಹಾಕಿಸ್ಕೊಳ್ಳಿ, ಏನೂ ತಿಂದೇ ಇಲ್ಲ" ಅಂತ ಬಂದಿರುತ್ತಾರೆ. ಬೇಡ ಎನ್ನುವುದಕ್ಕೆ ಬಾಯಿಮಾತು ನಡೆಯುವುದಿಲ್ಲ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಸ್ವಲ್ಪ ಮುಂದಕ್ಕೆ ಬಾಗಬೇಕು. ಆಗಲೂ ಬೆರಳ ಸಂದಿಯಿಂದ ಸಾರು ಬೀಳುವುದುಂಟು.

ಮೇ, ಜೂನ್ ಆದರೆ ಊಟದ ಮೇಲೆ ಶ್ರೀನಿವಾಸಪುರದ ಮಾವು. "ಚಾಕು ಯಾಕೆ, ತೊಟ್ಟಿನ ಹತ್ರ ಕಚ್ಚಿ ಹಂಗೇ ಚೀಪಿ" ಎಂಬುದು ನಮ್ಮ ಸಲಹೆ. ರಸಪುರಿಯ ವಿಷಯದಲ್ಲಿ ರುಚಿಗೆ ಅದೇ ಸರಿ. ತುಟಿಗೆ ಅದೇ ತಪ್ಪು. ಸೊನೆ ಇರುವುದು ತೊಟ್ಟಿನ ಬುಡದಲ್ಲಿ ಮತ್ತು ಸಿಪ್ಪೆಯಲ್ಲಿ. ಅಮೆರಿಕದ ಕಾಡುಗಳಲ್ಲಿ ಪಾಯ್ಸನ್ ಐವಿ ಎಂಬ ಬಳ್ಳಿ ಇದೆ, ಮುಟ್ಟಿದರೆ ಗುಳ್ಳೆ ಏಳುತ್ತದೆ. ಅದೂ ಮಾವೂ ಗೇರೂ ಒಂದೇ ಕುಟುಂಬ. ಅಲ್ಲಿ ಆ ಬಳ್ಳಿಯಿಂದ ಪೆಟ್ಟು ತಿಂದವರಿಗೆ ಇಲ್ಲಿ ಮಾವಿನ ಸಿಪ್ಪೆ ತಗುಲಿದರೆ ಒಂದೆರಡು ದಿನದಲ್ಲಿ ತುಟಿ ಊದಿ ಬಾಯಿ ಸುತ್ತ ಕೆಂಪಾಗಬಹುದು. ಹಣ್ಣನ್ನು ಅರ್ಧ ಗಂಟೆ ನೀರಲ್ಲಿ ಹಾಕಿ, ತೊಟ್ಟಿನ ಕಡೆ ಕತ್ತರಿಸಿ ಬಿಸಾಕಿ, ಸಿಪ್ಪೆ ತೆಗೆದು ಹೋಳು ಮಾಡಿ ತಟ್ಟೆಯಲ್ಲಿ ಕೊಡಿ. ನೋಡುವವರು ನಿಮ್ಮನ್ನು ಪಟ್ಟಣದವರು ಅಂದುಕೊಂಡರೆ ಅಂದುಕೊಳ್ಳಲಿ.

ಕೋಲಾರದ ಟೊಮೇಟೊ ಮಾರುಕಟ್ಟೆ ನೋಡಬೇಕೆನ್ನುವವರೂ ಇದ್ದಾರೆ, ನೋಡತಕ್ಕದ್ದೇ. 15 ಕೆ.ಜಿ.ಯ ಬಾಕ್ಸುಗಳ ಗೋಡೆಗಳ ನಡುವೆ ಹರಾಜು. 2023ರ ಜುಲೈನಲ್ಲಿ ಒಂದು ಬಾಕ್ಸು 2,000 ರೂಪಾಯಿ ದಾಟಿತ್ತು. ಹರಾಜಿನ ಮಧ್ಯೆ ಯಾರಿಗೂ ಕೈ ಎತ್ತಿ ಹಾಯ್ ಅನ್ನಬೇಡಿ ಅಂತ ಮುಂಚೆಯೇ ಹೇಳಿಟ್ಟಿದ್ದರೆ ಸಾಕು.

ಕೆಜಿಎಫ್‌ಗೆ ಹೋಗುವ ಭಾನುವಾರ ನಿರಾಸೆಯನ್ನು ಮೊದಲೇ ಬಡಿಸಿಬಿಡುವುದು ಒಳ್ಳೆಯದು. ಸಿನಿಮಾ ನೋಡಿ ಬಂದವರು ಸುರಂಗಕ್ಕಿಳಿಯಬಹುದು ಅಂದುಕೊಂಡಿರುತ್ತಾರೆ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಮೂರು ಕಿ.ಮೀ.ಗೂ ಆಳಕ್ಕಿಳಿದಿದ್ದ ಚಾಂಪಿಯನ್ ರೀಫ್ ಈಗ ಹೊರಗಿನಿಂದ ಮಾತ್ರ. ನೋಡಲು ಉಳಿದಿರುವುದು ಸೈನೈಡ್ ದಿಬ್ಬಗಳು: ಅದಿರು ಪುಡಿಮಾಡಿ, ಸೈನೈಡಿನಲ್ಲಿ ಚಿನ್ನ ಕರಗಿಸಿ ತೆಗೆದುಕೊಂಡ ಮೇಲೆ ಸುರಿದ ಮಣ್ಣು. ಗಾಳಿ ಎದ್ದ ದಿನ ಅದರ ಧೂಳು ಊರನ್ನೇ ಮುಸುಕುತ್ತದೆ. "ನೆನಪಿಗೆ ಒಂದ್ ಹಿಡಿ ತಗೊಂಡೋಗಿ, ಚಿನ್ನದ ಮಣ್ಣು" ಎಂದು ಪೊಟ್ಟಣ ಕಟ್ಟಿಕೊಡುವ ಉದಾರಿಗಳು ನಮ್ಮಲ್ಲಿದ್ದಾರೆ. ಬೇಡ. ಅದು ಉಸಿರಿಗೆ ಒಳ್ಳೆಯದಲ್ಲ. ವಿಮಾನ ನಿಲ್ದಾಣದಲ್ಲಿ ಆ ಪೊಟ್ಟಣ ಏನು ಅಂತ ಕೇಳಿದರೆ "ಸೈನೈಡ್" ಎಂಬ ಶಬ್ದವಿಲ್ಲದೆ ಉತ್ತರ ಹೇಳುವುದೂ ಕಷ್ಟ. ಅದಕ್ಕಿಂತ ವಿದ್ಯುತ್ತಿನ ಕಥೆ ಹೇಳಿ. 1902ರಲ್ಲೇ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟು ಬಂತು, ಬೆಂಗಳೂರಿನ ಬೀದಿದೀಪಗಳಿಗೆ ಬಂದದ್ದು 1905ರಲ್ಲಿ. ಹೇಳುತ್ತಿರುವಾಗಲೇ ಕರೆಂಟ್ ಹೋದರೆ ಕಥೆಗೆ ಇನ್ನೂ ಕಳೆ.

ಕಮ್ಮಸಂದ್ರದ ಕೋಟಿಲಿಂಗದಲ್ಲಿ 108 ಅಡಿಯ ಲಿಂಗವಿದೆ. ಆದರೆ ಬಂದ ಜನ ಸ್ವಯಂಸೇವಕಿಯ ಜೊತೆ ಫೋಟೋಗೆ ಸಾಲು ನಿಲ್ಲುತ್ತಾರೆ. ಮೊದಲ ಮನೆಯವರಿಗೆ ಹೂಂ ಅಂದರೆ ನಲವತ್ತನೆಯ ಮನೆಯವರಿಗೂ ಅನ್ನಬೇಕು. ಮಧ್ಯೆ ಯಾರೋ ಕೂಸನ್ನು ಕೈಗೆ ಕೊಟ್ಟೇ ಬಿಡುತ್ತಾರೆ, ಕೂಸು ಹೊಸ ಮುಖ ಕಂಡು ಕಿರುಚುತ್ತದೆ, ಫೋಟೋದಲ್ಲಿ ಅಪಹರಣದ ಹಾಗೆ ಕಾಣಿಸುತ್ತದೆ. ನಿಲ್ಲದೆ ನಡೆಯುತ್ತಿರುವುದೊಂದೇ ಉಪಾಯ.

ಬರುವಾಗ ಬಂಗಾರಪೇಟೆ. ಇಲ್ಲಿ ಹೊರಗಿನವರು ಮೋಸ ಹೋಗುವುದು ಕಣ್ಣಿನಿಂದ. ಬೇರೆ ಊರಿನ ಪಾನಿಪುರಿಯ ಪಾನಿ ಹಸಿರು ಇರುತ್ತದೆ, ಕಂದು ಇರುತ್ತದೆ, ನೋಡಿದರೇ ಹುಷಾರಾಗಬಹುದು. ಬಂಗಾರಪೇಟೆಯದು ತಿಳಿ. ಲೋಟದ ಆ ಬದಿ ಗೋಡೆಯ ಬರಹ ಓದಬಹುದು, ಅಷ್ಟು ತಿಳಿ. ಖಾರ, ಹುಳಿ, ಉಪ್ಪು ಎಲ್ಲ ಒಳಗೇ ಅಡಗಿ ಕೂತಿರುತ್ತದೆ. "ಖಾರ ಇಲ್ಲ" ಎಂಬ ಮಾತಿಗೆ ಇಷ್ಟು ಒಳ್ಳೆಯ ಸಾಕ್ಷಿ ಬೇರೆಲ್ಲೂ ಸಿಗದು. ಸ್ವಯಂಸೇವಕರು ಮೊದಲ ಪೂರಿಯನ್ನು ಅರ್ಧ ಕಚ್ಚುತ್ತಾರೆ, ಉಳಿದರ್ಧ ಅಂಗಿಯ ಮೇಲೆ. ಪೂರಿ ಇಡೀ ಬಾಯೊಳಗೆ ಹೋಗಬೇಕು, ಬಾಯಿ ಮುಚ್ಚಿದ ಮೇಲೆಯೇ ಒಡೆಯಬೇಕು. ಎರಡನೆಯದನ್ನು ಸರಿಯಾಗಿ ಹಾಕಿಕೊಳ್ಳುತ್ತಾರೆ. ಮೂಗು, ಕಣ್ಣು, ಕಿವಿ ಒಂದಾದ ಮೇಲೆ ಆ ಕಡೆ ಈ ಕಡೆ ನೋಡಿ, ಎದುರಿಗಿರುವ ತಣ್ಣನೆ ನೀರಿನ ಲೋಟವನ್ನು ಎತ್ತಿ ಗಟಗಟ ಕುಡಿಯುತ್ತಾರೆ. ಅದೂ ಪಾನಿಯೇ.

ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲ, ನೀರು ಕುಡಿದಷ್ಟೂ ಬಾಯಿ ತುಂಬ ಹರಡುತ್ತದೆ. ಹಾಲು, ಗಟ್ಟಿ ಮೊಸರು ಅದನ್ನು ಹಿಡಿದು ಇಳಿಸುತ್ತವೆ. ಚಾಟ್ಸ್ ಅಂಗಡಿಗೆ ಹೋಗುವ ಮುಂಚೆ ಬೂತಿನಲ್ಲಿ ಒಂದು ಮೊಸರಿನ ಪ್ಯಾಕೆಟ್ ತೆಗೆದುಕೊಂಡಿರಿ, ಮೂಲೆ ಕತ್ತರಿಸಿ ರೆಡಿ ಇರಲಿ.

ರಾತ್ರಿ ಎಂಟಕ್ಕೇ ಹೊಟ್ಟೆ ಉರಿದರೆ ಅದು ಖಾರ. ಬ್ಯಾಕ್ಟೀರಿಯಾದ ಕೆಲಸವಾದರೆ ಶುರುವಾಗಲು ಕೆಲವು ಗಂಟೆಯಿಂದ ಎರಡು ಮೂರು ದಿನವೂ ಹಿಡಿಯುತ್ತದೆ, ಆದ್ದರಿಂದ ಸೋಮವಾರ ಬೆಳಗಿನ ಓಡಾಟಕ್ಕೆ ಶುಕ್ರವಾರದ ಕಬ್ಬಿನ ಹಾಲೂ ಕಾರಣವಿರಬಹುದು. ಬೈಗುಳ ತಿನ್ನುವವರು ಪಾನಿಪುರಿಯವರು. ಓಆರ್‌ಎಸ್ ಕೊಡುವಾಗ ಪೊಟ್ಟಣದ ಮೇಲೆ ಬರೆದ ಅಳತೆ ನೋಡಿ. ದೊಡ್ಡದು ಒಂದು ಲೀಟರ್ ನೀರಿಗೆ, ಚಿಕ್ಕದು 200 ಮಿ.ಲೀ.ಗೆ. "ಸ್ಟ್ರಾಂಗಾಗಿದ್ರೆ ಬೇಗ ವಾಸಿ" ಅಂತ ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದು ಕೊಟ್ಟರೆ ಉಪ್ಪು ಸಕ್ಕರೆ ಸೇರಿ ಕರುಳಿಗೆ ಇನ್ನಷ್ಟು ನೀರನ್ನು ಎಳೆದುಕೊಂಡು ಭೇದಿ ಹೆಚ್ಚುತ್ತದೆ. ಕಲಸಿದ್ದನ್ನು 24 ಗಂಟೆಯ ಮೇಲೆ ಇಡಬಾರದು. ಜ್ವರ, ರಕ್ತ ಕಂಡರೆ ಡಾಕ್ಟರು.

ಇಷ್ಟರಲ್ಲಿ ಮನೆಯ ಅಜ್ಜಿ ಎದ್ದು ಬಂದಿರುತ್ತಾರೆ. ಕೋಟಿಲಿಂಗದಲ್ಲಿ ಅಷ್ಟು ಜನ ಫೋಟೋ ತೆಗೆದರು, ದೃಷ್ಟಿ ಆಗದೆ ಇರುತ್ತಾ ಅನ್ನುವುದು ಅವರ ರೋಗನಿರ್ಣಯ. ಒಣಮೆಣಸಿನಕಾಯಿ, ಕಲ್ಲುಪ್ಪು ಮುಷ್ಟಿಯಲ್ಲಿ ಹಿಡಿದು ಸ್ವಯಂಸೇವಕಿಯನ್ನು ಗೋಡೆಗೆ ಒರಗಿಸಿ ನಿವಾಳಿಸಿ ಒಲೆಗೆ ಹಾಕುತ್ತಾರೆ. ತಡೆಯಲು ಹೋಗಬೇಡಿ, ಕಿಟಕಿ ತೆಗೆದಿಡಿ. ಘಾಟು ಬರದಿದ್ದರೆ ದೃಷ್ಟಿ ಆಗಿತ್ತು ಅಂತ ಲೆಕ್ಕ. ಮನೆಮಂದಿಯೆಲ್ಲ ಕೆಮ್ಮಿ ಸೀನಿ ಹೊರಗೋಡಿದರೆ ದೃಷ್ಟಿ ಇರಲಿಲ್ಲ, ಆಗ ಆ ಲೀಟರ್ ಓಆರ್‌ಎಸ್ ಕುಡಿಸುವುದನ್ನು ಮುಂದುವರಿಸಬಹುದು.